ಒಂದೇ ಗುಂಡಿಗೆ ಎರಡು ತೀರ್ಪು

ಮಾನ್ಯರೆ,

1992ರ ಅಕ್ಟೋಬರಿನಲ್ಲಿ ಅಮೆರಿಕದ ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ ಗುಂಡಿಗೆ ಬಲಿಯಾದ ಹದಿನಾರರ ಜಪಾನಿ ವಿದ್ಯಾರ್ಥಿ ಯೋಶಿಹಿರೊ ಹತ್ತೋರಿಯ ಕುರಿತ ನಮ್ಮ ಲೇಖನವನ್ನು ಓದಿ ಸೋಮವಾರಪೇಟೆಯಿಂದ ನೀವು ಬರೆದ ಪತ್ರ ತಲುಪಿದೆ. "ಜ್ಯೂರಿ ಬಿಟ್ಟು ಕಳಿಸಿದವನಿಂದ ಇನ್ನೊಬ್ಬ ನ್ಯಾಯಾಧೀಶರು ಪರಿಹಾರ ಕೊಡಿಸಬಹುದಾದರೆ ಮೊದಲಿನ ತೀರ್ಪಿಗೆ ಬೆಲೆಯೇನು?" ಎಂದು ಕೇಳಿದ್ದೀರಿ. ಬಿಡುಗಡೆಯ ಸುದ್ದಿಯಲ್ಲೇ ಲೇಖನವನ್ನು ಮುಗಿಸಿ, ಪರಿಹಾರದ ಸಂಗತಿಯನ್ನು ಒಂದು ವಾಕ್ಯದಲ್ಲಿ ತೇಲಿಸಿಬಿಟ್ಟದ್ದು ನಮ್ಮ ತಪ್ಪು.

ಹ್ಯಾಲೋವೀನ್ ಹಬ್ಬದ ಔತಣಕ್ಕೆಂದು ಹೊರಟ ಇಬ್ಬರು ಹುಡುಗರು, ಮನೆಯ ಸಂಖ್ಯೆಯ ಅಂಕಿಗಳು ಅದಲುಬದಲಾಗಿ ಬೇರೆ ಮನೆಯ ಕರೆಗಂಟೆ ಒತ್ತಿದರು. ಗೃಹಿಣಿ ಪಕ್ಕದ ಬಾಗಿಲನ್ನು ತೆರೆದವರೇ ಮುಚ್ಚಿ, ಬಂದೂಕು ತರುವಂತೆ ಗಂಡನಿಗೆ ಹೇಳಿದರು. ಹುಡುಗರು ಕಾರಿನತ್ತ ಮರಳುತ್ತಿದ್ದಾಗ ಆತ ರಿವಾಲ್ವರ್ ಹಿಡಿದು ಬಾಗಿಲು ತೆರೆದು "ಫ್ರೀಜ್" (ಅಲುಗಾಡಬೇಡ) ಎಂದ. ಔತಣಕ್ಕೆ ಬಂದಿದ್ದೇವೆ ಎನ್ನುತ್ತ ಹತ್ತೋರಿ ಮುಂದೆ ಬಂದಾಗ, ಒಂದೂವರೆ ಮೀಟರಿನಷ್ಟು ಹತ್ತಿರದಿಂದ ಗುಂಡು ಹಾರಿತು.

ಪೊಲೀಸರು ಮೊದಲು ಆತನನ್ನು ವಿಚಾರಿಸಿ ಬಿಟ್ಟಿದ್ದರು. ರಾಜ್ಯಪಾಲರೂ ನ್ಯೂ ಆರ್ಲಿಯನ್ಸ್ ನಗರದಲ್ಲಿದ್ದ ಜಪಾನಿನ ಕಾನ್ಸುಲ್ ಜನರಲರೂ ದನಿಯೆತ್ತಿದ ಮೇಲೆಯೇ ಮೊಕದ್ದಮೆ ದಾಖಲಾಯಿತು. 1993ರ ಮೇ ತಿಂಗಳಿನಲ್ಲಿ 12 ಮಂದಿ ಸಾಮಾನ್ಯ ನಾಗರಿಕರ ತೀರ್ಪುಮಂಡಳಿಯಾದ ಜ್ಯೂರಿ ಮೂರು ಗಂಟೆಗಳಷ್ಟೇ ಚರ್ಚಿಸಿ ಆತನನ್ನು ಬಿಡುಗಡೆ ಮಾಡಿತು. ಲೂಯಿಸಿಯಾನದಲ್ಲಿ, ಕೊಂದದ್ದು ಆತ್ಮರಕ್ಷಣೆಗಲ್ಲ ಎಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ಆತ ನಿಜಕ್ಕೂ ಹೆದರಿದ್ದನೇನೋ ಎಂಬ ಸಂಶಯ ಉಳಿದರೆ ಅದರ ಲಾಭ ಆರೋಪಿಗೆ. ಹಾಗೆ ಬಿಟ್ಟವನನ್ನು ನಿಮ್ಮ ಪತ್ರದಲ್ಲಿ "ನಿರಪರಾಧಿಯೆಂದು ಸಾಬೀತಾದವ" ಎಂದು ಕರೆದಿದ್ದೀರಿ. ನಾನು ಆ ಮಾತನ್ನು ಬಳಸಲಾರೆ, ಏಕೆಂದರೆ ಜ್ಯೂರಿಯ ಮುಂದೆ ಆ ಪ್ರಶ್ನೆಯೇ ಇರಲಿಲ್ಲ.

ಹುಡುಗನ ತಂದೆತಾಯಿ ಹೂಡಿದ ಸಿವಿಲ್ ದಾವೆಯಲ್ಲಿ ಜ್ಯೂರಿ ಇರಲಿಲ್ಲ. ಯಾವ ಪಕ್ಷದ ಸಾಕ್ಷ್ಯದ ತೂಕ ಹೆಚ್ಚು ಎಂಬುದನ್ನಷ್ಟೇ ನ್ಯಾಯಾಧೀಶರು ನೋಡಬೇಕಿತ್ತು. 1994ರಲ್ಲಿ ಅವರು, ಈ ಹತ್ಯೆಗೆ ಯಾವ ಸಮರ್ಥನೆಯೂ ಇಲ್ಲವೆಂದು ಹೇಳಿ 6.5 ಲಕ್ಷ ಡಾಲರಿಗೂ ಮಿಕ್ಕ ಪರಿಹಾರವನ್ನು ವಿಧಿಸಿದರು. ಮೇಲ್ಮನವಿಯಲ್ಲೂ ಅದು ಉಳಿಯಿತು. ಸೆರೆಮನೆಗೆ ಕಳಿಸಲು ಬೇಕಾದಷ್ಟು ಖಚಿತತೆ ಹಣ ಕೊಡಿಸಲು ಬೇಕಿಲ್ಲ. ಆದರೂ ಆತನ ಮನೆಯ ವಿಮಾ ಕಂಪನಿ ತೆತ್ತದ್ದು ಒಂದು ಲಕ್ಷ ಡಾಲರ್ ಮಾತ್ರ.

ನಿಮ್ಮ ಮನೆಯ ಕೋವಿಯ ಬಗೆಗೂ ಕೇಳಿದ್ದೀರಿ. ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇರುವುದು ಇಟ್ಟುಕೊಳ್ಳುವುದಕ್ಕೆ. ಹಾರಿಸಿದ ಮೇಲೆ ಎಲ್ಲರಿಗೂ ಒಂದೇ ಕಾನೂನು. ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ, ರಾತ್ರಿ ಕನ್ನ ಹಾಕಿ ನುಗ್ಗುವವನ ಪ್ರಾಣ ಹೋಗುವಷ್ಟರ ಮಟ್ಟಿಗೂ ಆಸ್ತಿರಕ್ಷಣೆಯ ಹಕ್ಕನ್ನು ಚಾಚುತ್ತದೆ, ನಿಜ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಕೂಡದೆಂದೂ, ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲವೆಂದೂ 37ನೇ ಕಲಂ ಹೇಳುತ್ತದೆ. ಇನ್ನೂ ಒಂದು ವ್ಯತ್ಯಾಸವಿದೆ: ನಮ್ಮಲ್ಲಿ ಆತ್ಮರಕ್ಷಣೆಯನ್ನು ತೋರಿಸಿಕೊಡುವ ಹೊಣೆ ಆರೋಪಿಯದೇ, ಸರ್ಕಾರದ್ದಲ್ಲ. ಮೃತನ ತಂದೆತಾಯಿ ಪರಿಹಾರದ ದಾವೆ ಹೂಡಲು 1855ರ ಮಾರಣಾಂತಿಕ ಅಪಘಾತಗಳ ಕಾಯಿದೆ ಇಂದಿಗೂ ಇದೆ.

– ಸಂ.