ಜ್ವರ ಬಿಟ್ಟ ಮೇಲೆ ಮಗನ ಮೈ 96ಕ್ಕೆ ಇಳಿದಿದೆ, ಭಯ ಪಡಬೇಕಾ?

ಮೂರು ದಿನ 102 ಜ್ವರ, ಇವತ್ತು ಬೆಳಗ್ಗೆ 96.2 ಅಂತ ಬರೆದಿದ್ದೀರಲ್ಲ, ಓದಿ ನಮ್ಮನೆ ಕಥೇನೇ ಅನ್ನಿಸ್ತು. ನಾವು ಮುಂಬೈ ಹತ್ರದ ಡೊಂಬಿವಲಿಯಲ್ಲಿರೋದು, ಹೋದ ಮಳೆಗಾಲದಲ್ಲಿ ನನ್ನ ನಾಲ್ಕು ವರ್ಷದ ಮಗಳಿಗೂ ಹೀಗೇ ಆಗಿತ್ತು, ಬೆಳಗಿನ ಜಾವ ಹಣೆ ಮುಟ್ಟಿದ್ರೆ ತಣ್ಣಗೆ, ಕಂಕುಳಲ್ಲಿಟ್ಟು ನೋಡಿದ್ರೆ 95.8, ನನ್ನ ಕೈಕಾಲೇ ಆಡ್ಲಿಲ್ಲ. ಅತ್ತೆ ಎದ್ದು ಬಂದು "ಮೊದ್ಲು ಮಗೂ ಬೆನ್ನು ಮುಟ್ಟಿ ನೋಡು" ಅಂದ್ರು. ಫ್ರಾಕೆಲ್ಲ ಬೆವರಿಗೆ ಬೆನ್ನಿಗೆ ಅಂಟ್ಕೊಂಡಿತ್ತು, ಕಂಕುಳೂ ಒದ್ದೆ. ಒರೆಸಿ, ಒಣಗಿದ ಕಾಟನ್ ಬಟ್ಟೆ ಹಾಕಿ, ಫ್ಯಾನ್ ಕಮ್ಮಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ 97.1.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದ್ರು, ಜ್ವರ ಇಳಿಯೋವಾಗ ಬೆವರಿನಿಂದಲೇ ಮೈ ತಣಿಯೋದು, ಜೊತೆಗೆ ಪ್ಯಾರಾಸಿಟಮಾಲ್ ಕೆಲಸ ಇನ್ನೂ ನಡೀತಿರತ್ತೆ, ಬೆಳಗಿನ ಜಾವ ಯಾರದ್ದೇ ಆದ್ರೂ ಟೆಂಪರೇಚರ್ ಕಮ್ಮೀನೇ, ಕಂಕುಳಲ್ಲಿ ನೋಡಿದ್ರಂತೂ ಒಳಗಿನ ಶಾಖಕ್ಕಿಂತ ಕಮ್ಮಿ ತೋರಿಸತ್ತೆ ಅಂತ. ಹಾಗಾಗಿ ಮಗು ಆಡ್ತಾ, ನೀರು ಗಂಜಿ ಕುಡೀತಾ, ಸರಿಯಾಗಿ ಉಚ್ಚೆ ಮಾಡ್ತಾ ಇದ್ರೆ 96, 97ಕ್ಕೆ ಹೆದರ್ಬೇಡಿ. ಜ್ವರ ಇಲ್ದಿದ್ರೂ ಟೈಮ್ ಆಯ್ತು ಅಂತ ಸಿರಪ್ ಕೊಡೋದು ಬೇಡ. ಬಿಸಿನೀರಿನ ಬ್ಯಾಗ್ ಇಡೋದೂ ಬೇಡ, ಚರ್ಮ ಸುಟ್ಟೀತು.

ಆದ್ರೆ ಇದೊಂದು ಮಾತು ದಯವಿಟ್ಟು ಕೇಳಿ. ನೀವೂ ಮುಂಬೈಲಿದ್ದೀರಿ, ಮಳೆಗಾಲ ಬೇರೆ. ಡೆಂಗ್ಯೂ ಆಗಿದ್ರೆ ಅಪಾಯದ ಹೊತ್ತು ಬರೋದೇ ಜ್ವರ ಇಳಿದ ಮೇಲೆ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ, ಆಗ ರಕ್ತನಾಳದಿಂದ ನೀರಿನಂಶ ಹೊರಗೆ ಸೋರತ್ತೆ, ನಾವು ಜ್ವರ ಬಿಡ್ತು ಅಂತ ಸಮಾಧಾನದಲ್ಲಿರ್ತೀವಿ. ಹೊಟ್ಟೆ ನೋವು ಅಂತ ಅಳೋದು, ಬಿಡದೆ ವಾಂತಿ, ಒಸಡಲ್ಲಿ ಮೂಗಲ್ಲಿ ರಕ್ತ, ಮಂಕಾಗಿ ಮಲಗಿದಲ್ಲೇ ಇರೋದು, ಉಚ್ಚೆ ಕಮ್ಮಿ ಆಗೋದು, ಅಂಗೈ ಅಂಗಾಲು ತಣ್ಣಗೆ ಜಿಗುಟಾಗಿರೋದು, ಇದ್ರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಸ್ಪತ್ರೆಗೆ ಹೊರಡಿ. ಬೆರಳ ತುದಿ ಐದು ಸೆಕೆಂಡ್ ಒತ್ತಿ ಬಿಡಿ, ಬಿಳಿಚಿದ್ದು ಎರಡು ಸೆಕೆಂಡೊಳಗೆ ಮತ್ತೆ ಕೆಂಪಾಗ್ಬೇಕು, ಆಗ್ದಿದ್ರೆ ಹೊರಡಿ. ಬೆವರು ಒರೆಸಿ ಬೆಚ್ಚಗೆ ಹೊದಿಸಿದ ಮೇಲೂ 95ಕ್ಕಿಂತ ಕೆಳಗಿದ್ರೂ ಹೊರಡಿ. ಮೂರು ತಿಂಗಳೊಳಗಿನ ಕೂಸಾದ್ರೆ ಈ ಲೆಕ್ಕ ಯಾವುದೂ ಬೇಡ, ಮೈ ತಣ್ಣಗಾಗಿದೆ ಅನ್ನಿಸಿದ್ರೆ ಸಾಕು, ತಕ್ಷಣ ಡಾಕ್ಟರ್‌ಗೆ ತೋರಿಸ್ಬೇಕು.

ನಮ್ಮವಳಿಗೆ ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟ್ ಮಾಡಿಸಿದ್ವಿ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣ ಸರಿ ಇತ್ತು. ನೀವೂ ಡಾಕ್ಟರ್ ಹತ್ರ ಕೇಳಿ ಮಾಡಿಸಿ. ಈಗ ಮೊದ್ಲು ಹೋಗಿ ಮಗನ ಅಂಗಾಲು ಮುಟ್ಟಿ ನೋಡಿ, ಕೊನೇ ಸಲ ಉಚ್ಚೆ ಎಷ್ಟೊತ್ತಿಗೆ ಮಾಡ್ದ ಅಂತ ಇಲ್ಲೇ ಬರೀರಿ, ನಾನು ನೋಡ್ತಿರ್ತೀನಿ.