ಓದುಗರು ಕೇಳಿದ್ದು: ಕತೆ ಎಲ್ಲಿಂದ ತರ್ತೀರಿ?

ಪ್ರಶ್ನೆ: ದಿನಾ ಬರೀತೀರಾ? ಯಾವ ಹೊತ್ತಲ್ಲಿ?
(ಒಬ್ಬ ಓದುಗರು, ಮದ್ದೂರು)

ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ, ಅಷ್ಟೇ. ಎಂಟಕ್ಕೆ ಮನೆಯಲ್ಲಿ ಮಿಕ್ಸಿ ಶುರುವಾಗುತ್ತದೆ, ಆಮೇಲೆ ಆಫೀಸು. ಗೆರೆ ಹಾಕಿದ ಉದ್ದ ನೋಟ್‌ಬುಕ್ಕಿನಲ್ಲಿ ಪೆನ್ನಲ್ಲೇ ಬರೆಯುತ್ತೇನೆ, ಭಾನುವಾರ ಕೂತು ಟೈಪ್ ಮಾಡುತ್ತೇನೆ. ಮೊದಲೆಲ್ಲ 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮಾಡುತ್ತಿದ್ದೆ, ಆ ಹಳೇ ಫೈಲುಗಳನ್ನು ಮೊಬೈಲಲ್ಲಿ ತೆಗೆದರೆ ಬರೀ ಕಲಸುಮೇಲೋಗರ, ಹಾಗಾಗಿ ಈಗ ಯುನಿಕೋಡ್. ಸೋಮಾರಿತನದಿಂದಾಗಿ, ಬೇಡದ ಸಾಲುಗಳನ್ನು ಟೈಪ್ ಮಾಡೋದೇ ಇಲ್ಲ. ಅರ್ಧ ತಿದ್ದುಪಡಿ ಹಾಗೇ ಆಗಿಹೋಗುತ್ತದೆ.

ಪ್ರಶ್ನೆ: ಕುವೆಂಪು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಿದ್ದರಂತೆ. ನಾನೂ ಹೋಗ್ತಿದ್ದೀನಿ, ಏನೂ ಹೊಳೀತಿಲ್ಲ.
(ಒಬ್ಬ ವಿದ್ಯಾರ್ಥಿ, ಮೈಸೂರು)

ನಡೆಯುತ್ತಿದ್ದರು, ನಿಜ. ಆದರೆ 1967ರ ಜ್ಞಾನಪೀಠ ತಂದುಕೊಟ್ಟ ಕಾವ್ಯಕ್ಕೆ ವರ್ಷಗಟ್ಟಲೆ ಕೂತಿದ್ದರು ಕೂಡ, ಅದನ್ನು ಯಾರೂ ಹೇಳಲ್ಲ ಅಲ್ವಾ? ಕೆರೆಗೆ ಹೋಗಿ, ಹಕ್ಕಿ ನೋಡಿ, ಆರೋಗ್ಯಕ್ಕೆ ಒಳ್ಳೇದು.

ಪ್ರಶ್ನೆ: ಹಾಗಾದರೆ ವಿಷಯ ಎಲ್ಲಿ ಸಿಗುತ್ತೆ?
(ಒಬ್ಬ ಶಿಕ್ಷಕಿ, ಪಾಂಡವಪುರ)

ಪೇಪರಿನ ಮುಖಪುಟದಲ್ಲಂತೂ ಅಲ್ಲ ಮೇಡಂ. ಅದರ ಕತೆ ಆಗಲೇ ಮುಗಿದಿರುತ್ತದೆ. ಒಳಪುಟದ ಸಣ್ಣಕ್ಷರ ಓದಿ: ಹೆಸರು ಬದಲಾವಣೆ, ಮಾರ್ಕ್ಸ್ ಕಾರ್ಡ್ ಕಳೆದಿದೆ, ಶ್ರದ್ಧಾಂಜಲಿ. ಐವತ್ತು ದಾಟಿದ ಮನುಷ್ಯ ಈಗ ಯಾಕೆ ಹೆಸರು ಬದಲಿಸಿಕೊಂಡ?

ಈ 'ಯಾಕೆ'ಗೆ ನನಗೆ ಥಟ್ಟನೆ ಉತ್ತರ ಸಿಕ್ಕಿಬಿಟ್ಟರೆ ಆ ವಿಷಯ ಬಿಟ್ಟುಬಿಡುತ್ತೇನೆ. ಒಂದು ಸಲ ಮಂಡ್ಯದ ಹತ್ತಿರ ಬೆಲ್ಲ ಮಾಡುವ ಒಂದು ಆಲೆಮನೆಯಲ್ಲಿ ನಿಂತಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದೀತಿತ್ತು, ಒಬ್ಬರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡ್ತಿದ್ದರು. (ಹದಕ್ಕೂ ಬರವಣಿಗೆಗೂ ಹೋಲಿಕೆ ಕೊಡಲ್ಲ, ಗಾಬರಿ ಬೇಡ.) ಒಲೆಗೆ ಕಬ್ಬಿನ ಸಿಪ್ಪೆ ತುಂಬುವ ಹುಡುಗ ಉತ್ತರಪ್ರದೇಶದವನು, ಫೋನ್ ಸ್ಪೀಕರಿಗೆ ಹಾಕಿ ಅವರಮ್ಮನ ಜೊತೆ ಮಾತಾಡ್ತಿದ್ದ, ಉರಿ ಇಳೀತಿತ್ತು. ಬೆಳಿಗ್ಗೆಯಿಂದ ಎಲ್ಲರನ್ನೂ ಬೈದಿದ್ದ ಯಜಮಾನರು ಅವನನ್ನು ಮಾತ್ರ ಒಂದು ಮಾತೂ ಅನ್ನಲಿಲ್ಲ. ತಾವೇ ಸಿಪ್ಪೆ ಎತ್ತಿ ಒಲೆಗೆ ತಳ್ಳಿದರು. ಯಾಕೆ? ಅವರನ್ನೇ ಕೇಳಬಹುದಿತ್ತು. ಕೇಳದೇ ಬಂದೆ, ಬೇಕಂತಲೇ. ಆ ಪ್ರಶ್ನೆ ಇಟ್ಟುಕೊಂಡೇ ಕತೆ ಬರೆದೆ, ಅದರಲ್ಲಿ ಯಜಮಾನರಿಗೆ ದುಬೈಯಲ್ಲಿರುವ ಮಗನೊಬ್ಬ ಬಂದ, ಅವನು ಫೋನ್ ಮಾಡಲ್ಲ. ನಿಜವಾದ ಯಜಮಾನರಿಗೆ ಮಗ ಇದ್ದಾನೋ ಇಲ್ಲವೋ, ದೇವರೇ ಬಲ್ಲ.

ಹೀಗೆ ಕಂಡದ್ದನ್ನು ಅವತ್ತೇ ಎರಡು ಸಾಲಿನಲ್ಲಿ ಬರೆದಿಡಿ, ಅವರ ಮಾತು ಹೇಗಿತ್ತೋ ಹಾಗೇ. ವಾಯ್ಸ್ ಟೈಪಿಂಗ್ ನಂಬಬೇಡಿ, ನಮ್ಮ ಕಡೆ ಮಾತು ಅದಕ್ಕೆ ಸರಿಯಾಗಿ ಕೇಳಿಸಲ್ಲ.

ಪ್ರಶ್ನೆ: ನೆಂಟರ ವಿಷಯ ಬರೆದರೆ ಜಗಳ ಆಗಲ್ವಾ?
(ಒಬ್ಬ ಓದುಗರು, ಶ್ರೀರಂಗಪಟ್ಟಣ)

ಆಗುತ್ತೆ ಸಾರ್. ಊರು, ಕೆಲಸ, ಕೆಲವೊಮ್ಮೆ ಗಂಡು-ಹೆಣ್ಣು ಕೂಡ ಬದಲಿಸ್ತೀನಿ. ಆಸ್ತಿ ಭಾಗದ ಜಗಳ ಕೋರ್ಟಲ್ಲಿದ್ದರೆ ಮುಟ್ಟೋದೇ ಇಲ್ಲ. ಆದರೂ ಸಂಬಂಧವೇ ಇಲ್ಲದ ಯಾರೋ ಬಂದು 'ನನ್ನ ಬಗ್ಗೆನೇ ಬರೆದಿದ್ದೀಯ' ಅಂತ ಮುನಿಸಿಕೊಳ್ತಾರೆ. ನಮ್ಮ ಚಿಕ್ಕಮ್ಮ ಈಗಲೂ 'ಇದನ್ನ ಬರೀಬೇಡ ಕಣಪ್ಪಾ' ಅಂತಲೇ ಶುರು ಮಾಡೋದು, ಆಮೇಲೆ ಒಂದು ಗಂಟೆ ನಿಲ್ಲಿಸಲ್ಲ.