ಸಹಕಾರಿ ಬ್ಯಾಂಕಿನ ಸಿಸ್ಟಂ ಕೆಲಸ ಬಿಟ್ಟು ಸೈಬರ್ ಸೆಕ್ಯುರಿಟಿ ಕೋರ್ಸ್ ಸೇರಬೇಕೇ?

ಪಟ್ಟಣದ ಸಹಕಾರಿ ಬ್ಯಾಂಕಿನಲ್ಲಿ ಸಿಸ್ಟಂ ಸಹಾಯಕರ ಕೆಲಸ ಕೈಯಲ್ಲಿದೆ, ಸೈಬರ್ ಭದ್ರತೆಯಲ್ಲಿ ಲಕ್ಷಾಂತರ ಹುದ್ದೆಗಳು ಖಾಲಿ ಇವೆಯೆಂದು ಓದಿದ್ದೀರಿ, ಸಾಲ ಮಾಡಿ ಬೆಂಗಳೂರಿನಲ್ಲಿ ಎಥಿಕಲ್ ಹ್ಯಾಕಿಂಗ್ ಕೋರ್ಸ್ ಸೇರಲೇ ಎಂದು ಕೇಳಿದ್ದೀರಿ. ಸೇರಬೇಡಿ. ಇದೇ ಮಾತುಗಳನ್ನು ನಾನು ಒಮ್ಮೆ ನಮ್ಮ ತಂದೆಯವರ ಮುಂದೆ ಆಡಿ ಅವರನ್ನು ಒಪ್ಪಿಸಿದ್ದೆ. ಆಗ ನನಗೆ ಬಿಡುವುದಕ್ಕೊಂದು ಕೆಲಸವೂ ಇರಲಿಲ್ಲ, ನಿಮಗೆ ಅದು ಇದೆ.

ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದು ಸೇರಿದ ಆ ಕೋರ್ಸಿನಲ್ಲಿ ಕಾಲಿ ಲಿನಕ್ಸ್, ಎನ್‌ಮ್ಯಾಪ್, ಮೆಟಾಸ್ಪ್ಲಾಯ್ಟ್, ಬರ್ಪ್ ಸೂಟ್ ಹೀಗೆ ದುರ್ಬಲ ಜಾಗ ಹುಡುಕಿ ಒಳನುಗ್ಗುವ ಸಾಫ್ಟ್‌ವೇರ್‌ಗಳೆಲ್ಲವನ್ನೂ ಕಲಿಸಿದರು. ಬೇಕೆಂದೇ ದುರ್ಬಲವಾಗಿ ಕಟ್ಟಿದ ಯಂತ್ರಗಳ ಒಳಗೆ ನುಗ್ಗುತ್ತಿದ್ದೆವು, ಪ್ರತಿ ಸಲವೂ ಗೆಲ್ಲುತ್ತಿದ್ದೆವು. ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ಬರೆದು ಪ್ರಮಾಣಪತ್ರವನ್ನೂ ಪಡೆದೆ. ಕಲಿಸಿದ್ದು ಸುಳ್ಳಾಗಿರಲಿಲ್ಲ, ಬೋಧಕರೂ ಕೆಟ್ಟವರಾಗಿರಲಿಲ್ಲ. ನನ್ನ ತಪ್ಪೇ ಬೇರೆ, ಅದು ಬಯಲಾದದ್ದು ಒಂದು ಎಸ್‌ಒಸಿ (ದಾಳಿ ನಡೆಯುತ್ತಿದೆಯೇ ಎಂದು ಸದಾ ಕಾಯುವ ಭದ್ರತಾ ಕೇಂದ್ರ) ಹುದ್ದೆಯ ಸಂದರ್ಶನದಲ್ಲಿ.

ಸಂದರ್ಶಕರು ತಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ ವಿಂಡೋಸ್ ಡೊಮೇನ್ ಕಂಟ್ರೋಲರಿನ, ಅಂದರೆ ಸಂಸ್ಥೆಯ ಎಲ್ಲರ ಖಾತೆ ಮತ್ತು ಪಾಸ್‌ವರ್ಡ್ ಪರಿಶೀಲಿಸುವ ಸರ್ವರಿನ, ಲಾಗ್ (ಚಟುವಟಿಕೆಯ ದಾಖಲೆ) ತೋರಿಸಿದರು. 4625 ಸಂಖ್ಯೆಯ ದಾಖಲೆಗಳು, ಅಂದರೆ ವಿಫಲವಾದ ಲಾಗಿನ್‌ಗಳು, ಸಾಲುಗಟ್ಟಿದ್ದವು. ಪ್ರತಿ ಸಾಲಿನಲ್ಲೂ ಬೇರೆ ಬಳಕೆದಾರರ ಹೆಸರು, ಎಲ್ಲದರಲ್ಲೂ ಒಂದೇ ಐಪಿ ವಿಳಾಸ, ಅದೂ ಸಂಸ್ಥೆಯ ಒಳಗಿನದೇ. ಕೊನೆಯಲ್ಲಿ ಒಂದು 4624, ಯಾರೋ ಒಳಗೆ ಬಂದಿದ್ದರು. ನಾನು ಉತ್ಸಾಹದಿಂದ "ಬ್ರೂಟ್ ಫೋರ್ಸ್" ಎಂದೆ, ಅಂದರೆ ಒಂದರ ಹಿಂದೊಂದು ಪಾಸ್‌ವರ್ಡ್ ಪ್ರಯೋಗಿಸುತ್ತಲೇ ಹೋಗುವ ದಾಳಿ. ಹಾಗಾದರೆ ಒಂದು ಖಾತೆಯೂ ಲಾಕ್ ಆಗಲಿಲ್ಲವೇಕೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಐಪಿ ಯಾವ ಯಂತ್ರದ್ದಿರಬಹುದು ಎಂದು ಕೇಳಿದರು. ಒಳಗಿನ ಯಾವುದೋ ಕಂಪ್ಯೂಟರಿಗೆ ವೈರಸ್ ತಗುಲಿರಬೇಕು, ಅದನ್ನು ನೆಟ್‌ವರ್ಕಿನಿಂದ ಕಳಚಬೇಕು ಎಂದೆ.

ಅದು ಸಂಸ್ಥೆಯ ವಿಪಿಎನ್ ಸಾಧನದ, ಅಂದರೆ ಹೊರಗಿರುವ ಸಿಬ್ಬಂದಿಯನ್ನು ಒಳಗಿನ ನೆಟ್‌ವರ್ಕಿಗೆ ಸೇರಿಸುವ ಸಾಧನದ, ವಿಳಾಸವಾಗಿತ್ತು. ಹೊರಗಿನಿಂದ ಬಂದವರ ಪಾಸ್‌ವರ್ಡ್ ಸರಿಯೇ ಎಂದು ಡೊಮೇನ್ ಕಂಟ್ರೋಲರನ್ನು ಅವರ ಪರವಾಗಿ ಕೇಳುವುದು ಆ ಸಾಧನವೇ ಆದ್ದರಿಂದ ಲಾಗಿನಲ್ಲಿ ಅದರ ವಿಳಾಸವೇ ಬೀಳುತ್ತದೆ. ದಾಳಿ ಎಲ್ಲಿಂದ ಬಂತೆಂದು ತಿಳಿಯಲು ವಿಪಿಎನ್ ಲಾಗನ್ನೇ ತೆರೆಯಬೇಕು. ನಾನು ಹೇಳಿದಂತೆ ಮಾಡಿದ್ದರೆ ಮನೆಯಿಂದ ಕೆಲಸ ಮಾಡುವವರೆಲ್ಲರ ಸಂಪರ್ಕ ಕಡಿದುಹೋಗುತ್ತಿತ್ತು. ಖಾತೆಗಳು ಲಾಕ್ ಆಗದಿದ್ದುದಕ್ಕೆ ಕಾರಣ ಇನ್ನೂ ಸರಳ: ಒಬ್ಬರ ಮೇಲೆ ನೂರು ಪಾಸ್‌ವರ್ಡ್ ಪ್ರಯೋಗಿಸದೆ ನೂರು ಜನರ ಮೇಲೆ ಒಂದೇ ಪಾಸ್‌ವರ್ಡ್ ಪ್ರಯೋಗಿಸಿದರೆ ಯಾರ ಖಾತೆಯೂ ಲಾಕ್ ಆಗುವಷ್ಟು ತಪ್ಪು ಪ್ರಯತ್ನಗಳ ಮಿತಿಯನ್ನು ಮುಟ್ಟುವುದಿಲ್ಲ. ಇದಕ್ಕಿರುವ ಪಾಸ್‌ವರ್ಡ್ ಸ್ಪ್ರೇಯಿಂಗ್ ಎಂಬ ಹೆಸರು ನನಗೆ ಬಾಯಿಪಾಠವಾಗಿತ್ತು, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಸಿಕ್ಕಿತ್ತು. ಆದರೆ ಲಾಕ್‌ಔಟ್ ಮಿತಿಯನ್ನು ಎಲ್ಲಿ ನಿಗದಿ ಮಾಡುತ್ತಾರೆ, ವಿಪಿಎನ್ ಯಾರನ್ನು ಏನು ಕೇಳುತ್ತದೆ ಎಂಬುದನ್ನು ನಾನು ಎಂದೂ ನೋಡಿರಲಿಲ್ಲ. ಆರೋಗ್ಯವಾಗಿರುವ ನೆಟ್‌ವರ್ಕ್ ಹೇಗಿರುತ್ತದೆಂದು ತಿಳಿಯದೆ ಅದನ್ನು ಮುರಿಯುವುದನ್ನು ಮಾತ್ರ ಕಲಿತಿದ್ದೆ. ಆ ತಪ್ಪಿಗೆ ತೆತ್ತದ್ದು ಆ ಕೆಲಸವೊಂದನ್ನೇ ಅಲ್ಲ. ಸಾಲದ ಕಂತು ಕಟ್ಟಲು ತಂದೆಯವರು ನಿವೃತ್ತಿಯ ಹಣಕ್ಕೆ ಕೈ ಹಾಕಬೇಕಾಯಿತು.

ಕೊನೆಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಿದೆ. ಪ್ರಿಂಟರ್ ಸರಿಪಡಿಸುವುದು, ಪಾಸ್‌ವರ್ಡ್ ಬದಲಿಸಿಕೊಡುವುದು, ಬ್ಯಾಕಪ್ ಆಯಿತೇ ಎಂದು ನೋಡುವುದು. ಲೆಕ್ಕಪತ್ರ ವಿಭಾಗದ ಒಬ್ಬ ಮೇಡಂ ಅವರ ಖಾತೆ ಮತ್ತೆ ಮತ್ತೆ ಲಾಕ್ ಆಗುತ್ತಿತ್ತು. ಹುಡುಕುತ್ತಾ ಹೋದರೆ ಅವರ ಮೊಬೈಲಿನ ಇಮೇಲ್ ಆ್ಯಪ್ ಹಳೆಯ ಪಾಸ್‌ವರ್ಡನ್ನೇ ಕಳುಹಿಸುತ್ತಾ ಕುಳಿತಿತ್ತು. ಸಂದರ್ಶನದಲ್ಲಿ ಕೇಳಿದ್ದು ನನಗೆ ನಿಜವಾಗಿ ಅರ್ಥವಾದದ್ದು ಅಂದು. ಮುಂದೆ ಎಸ್‌ಒಸಿಗೆ ಹೋದದ್ದು ಈ ಅನುಭವದ ಬಲದಿಂದ. ಪ್ರಮಾಣಪತ್ರದ ಬಗ್ಗೆ ಅಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇನ್ನು ಆ ಲಕ್ಷಾಂತರ ಹುದ್ದೆಗಳ ಮಾತು. ಸೈಬರ್ ಭದ್ರತಾ ವೃತ್ತಿಪರರ ಐಎಸ್‌ಸಿ2 ಸಂಸ್ಥೆಯ 2024ರ ವರದಿ ಜಗತ್ತಿನಾದ್ಯಂತ ಸುಮಾರು 48 ಲಕ್ಷ ಜನರ ಕೊರತೆಯಿದೆ ಎಂದಿತು. ಆದರೆ ಅದು ಭರ್ತಿಗೆ ಕರೆದ ಹುದ್ದೆಗಳ ಎಣಿಕೆಯಲ್ಲ. ಸಂಸ್ಥೆಗಳನ್ನು ಸರಿಯಾಗಿ ಕಾಯಲು ಬೇಕಾದವರಿಗೂ ಇರುವವರಿಗೂ ನಡುವಿನ ಅಂದಾಜು ಅಂತರ. ಊರಿಗೆ ಹತ್ತು ವೈದ್ಯರು ಬೇಕೆಂದು ಲೆಕ್ಕ ಹಾಕಿದ ಮಾತ್ರಕ್ಕೆ ಆಸ್ಪತ್ರೆಯಲ್ಲಿ ಹತ್ತು ಹುದ್ದೆ ಮಂಜೂರಾಗಿರುವುದಿಲ್ಲ. ಅದೇ ವರದಿಯಲ್ಲಿ ಸಿಬ್ಬಂದಿ ಕೊರತೆಗೆ ಮೊದಲ ಕಾರಣವೆಂದು ಸಂಸ್ಥೆಗಳವರು ಹೇಳಿದ್ದು ಹಣದ ಅಭಾವವನ್ನು. ಕೋರ್ಸಿನ ಜಾಹೀರಾತಿನಲ್ಲಿ ಮೊದಲ ಅಂಕಿ ಮಾತ್ರ ಇರುತ್ತದೆ.

ನೀವು ಬಿಡಬೇಕೆಂದಿರುವ ಜಾಗವಾದರೂ ಎಂಥದು? 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಎಟಿಎಂನಿಂದ ಬಂದ ಕೋರಿಕೆಯನ್ನು ಬ್ಯಾಂಕಿಗೆ ತಲುಪಿಸುವುದು ಎಟಿಎಂ ಸ್ವಿಚ್. ದಾಳಿಕೋರರು ಅಂಥ ನಕಲಿ ಸ್ವಿಚ್ ಒಂದನ್ನು ನಡುವೆ ತಂದಿಟ್ಟರು. ಹಣ ಕೇಳಿದ ಕಾರ್ಡುಗಳಿಗೆ ಅದೇ ಒಪ್ಪಿಗೆ ಕೊಡುತ್ತಾ ಹೋಯಿತು, ಗ್ರಾಹಕರ ಖಾತೆಗಳ ಲೆಕ್ಕವಿರುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯವರೆಗೆ ಪ್ರಶ್ನೆ ತಲುಪಲೇ ಇಲ್ಲ. ಈ ಎರಡು ವ್ಯವಸ್ಥೆಗಳು ಪರಸ್ಪರ ಹೇಗೆ ಮಾತನಾಡುತ್ತವೆ ಎಂಬುದನ್ನು ನಿಮ್ಮ ಮೇಜಿನ ಬಳಿ ಕುಳಿತು ಕಲಿಯಬಹುದು, ಕೋರ್ಸಿನ ಲ್ಯಾಬಿನಲ್ಲಿ ಅದು ಸಿಗದು. ಅದೇ ವರ್ಷದ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೆ ಮೂಲಭೂತ ಸೈಬರ್ ಭದ್ರತಾ ಚೌಕಟ್ಟನ್ನು ಹೊರಡಿಸಿತು, 2019ರ ಡಿಸೆಂಬರಿನಲ್ಲಿ ಅದನ್ನು ನಾಲ್ಕು ಹಂತಗಳಿಗೆ ವಿಸ್ತರಿಸಿತು. ಎರಡನ್ನೂ ಓದಿ, ನಿಮ್ಮ ಬ್ಯಾಂಕಿಗೆ ಯಾವ ಹಂತ ಅನ್ವಯಿಸುತ್ತದೆಂದು ಪತ್ತೆ ಮಾಡಿ, ಬ್ಯಾಂಕಿನ ಕಂಪ್ಯೂಟರ್ ಉಪಕರಣಗಳ ಪಟ್ಟಿ ಸಿದ್ಧಪಡಿಸುವ ಕೆಲಸವನ್ನು ನೀವೇ ಕೇಳಿ ಪಡೆಯಿರಿ. ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ನಿಮ್ಮಲ್ಲಿ ಅವನ್ನು ಎಲ್ಲಿ ಇಟ್ಟಿದ್ದಾರೆ, ತೆರೆದು ನೋಡುವವರು ಯಾರು ಎಂದು ವಿಚಾರಿಸಿ.

ಆದರೆ ಲಿಖಿತ ಅನುಮತಿಯಿಲ್ಲದೆ ಬ್ಯಾಂಕಿನ ನೆಟ್‌ವರ್ಕ್ ಮೇಲೆ ದುರ್ಬಲ ಜಾಗ ಹುಡುಕುವ ಸ್ಕ್ಯಾನರ್ ಸಾಫ್ಟ್‌ವೇರ್ ಓಡಿಸಬೇಡಿ. ಕಲಿಯುವ ಆಸೆಯಿಂದ ಮಾಡಿದೆ ಎಂದರೂ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ತೊಡಕು ಎದುರಾಗಬಹುದು. ಪ್ರಯೋಗಗಳು ಮನೆಯಲ್ಲಿರಲಿ. ಲಾಗ್‌ಗಳನ್ನು ಒಂದೆಡೆ ಸೇರಿಸಿ ಎಚ್ಚರಿಸುವ ವಾಝುಹ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ವೆಬ್‌ಸೈಟ್ ಭದ್ರತೆ ಕಲಿಸುವ ಪೋರ್ಟ್‌ಸ್ವಿಗ್ಗರ್‌ನ ಆನ್‌ಲೈನ್ ವೆಬ್ ಸೆಕ್ಯುರಿಟಿ ಅಕಾಡೆಮಿಗೂ ಹಣ ಕೊಡಬೇಕಿಲ್ಲ. ಕೋರ್ಸಿನ ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ಹಳೆಯ ಕಂಪ್ಯೂಟರಿಗೆ ಹೆಚ್ಚಿನ ರ್‍ಯಾಮ್ ಹಾಕಿಸಲು ಖರ್ಚು ಮಾಡಿ, ಅದರಲ್ಲಿ ಒಂದು ಪುಟ್ಟ ವಿಂಡೋಸ್ ಡೊಮೇನ್ ಕಟ್ಟಿ, ಮೇಲೆ ಹೇಳಿದ 4625ರ ಸಾಲನ್ನು ನೀವೇ ಸೃಷ್ಟಿಸಿ ನೋಡಿ.